ಒಂದೇ ಗೂಡಿನ ಎರಡು ಸಂಬಂಧಗಳು

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಬರುವ, ಗೂಡಿನಿಂದ ನೂಲು ಬಿಚ್ಚುವ ರೀಲರ್ ಲಾಟಿನಿಂದ ಒಂದು ಹಿಡಿ ಗೂಡೆತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾನೆ. ಗೂಡಿನ ತೂಕದಲ್ಲಿ ಬಹುಪಾಲು ಒಳಗಿನ ಪ್ಯೂಪಾದ್ದು. ಅವನಿಗೆ ಬೇಕಾದ ನೂಲು ಇರುವುದು ಹುಳು ಸುತ್ತಿಕೊಂಡ ಕವಚದಲ್ಲಿ. ಹಾಗಾದರೆ ಎಳೆಯ ಉದ್ದವನ್ನು ಚೆನ್ನಾಗಿ ಸೂಚಿಸುವುದು ಯಾವುದು, ಗೂಡಿನ ತೂಕವೋ ಕವಚದ ತೂಕವೋ?

ರೇಷ್ಮೆ ಸಂಶೋಧನೆಯಲ್ಲಿ ಇದಕ್ಕೆ ಉತ್ತರವಾಗಿ ಸಹಸಂಬಂಧಗಳ, ಅಂದರೆ ಎರಡು ಅಳತೆಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಂಕಿಗಳ, ಕೋಷ್ಟಕವನ್ನು ಕೊಡುವುದು ರೂಢಿ. ಅಂಕಿಯ ತಲೆಯ ಮೇಲೆ ಅದು ಬರೀ ಆಕಸ್ಮಿಕವಲ್ಲ ಎಂದು ಸೂಚಿಸುವ ನಕ್ಷತ್ರ, ಕೆಳಗೆ ಒಂದು ವಾಕ್ಯ: ಇದರ ಸಂಬಂಧ ಅದರದ್ದಕ್ಕಿಂತ ಬಲವಾದುದು. ಆಕ್ಷೇಪವಿರುವುದು ಈ ವಾಕ್ಯದ ಬಗ್ಗೆಯೇ. ಎರಡು ಅಂಕಿಗಳನ್ನು ಬರಿಗಣ್ಣಲ್ಲಿ ನೋಡಿ ಹೇಳಿದ ಮಾತು ಅದು, ಪರೀಕ್ಷಿಸಿ ಹೇಳಿದ್ದಲ್ಲ.

ನಕ್ಷತ್ರವನ್ನು ನಂಬಿದವರು ಹೆಚ್ಚು ಎಡವುತ್ತಾರೆ. ಮೂವತ್ತು ಗೂಡುಗಳ ಮಾದರಿಯಲ್ಲಿ ಸಹಸಂಬಂಧ 0.36 ದಾಟಿದರೆ ಶೇಕಡಾ 5ರ ಮಟ್ಟದಲ್ಲಿ ನಕ್ಷತ್ರ ಸಿಗುತ್ತದೆ. 0.40ಕ್ಕೆ ನಕ್ಷತ್ರ ಬಂತು, 0.32ಕ್ಕೆ ಬರಲಿಲ್ಲ. ಅಷ್ಟಕ್ಕೇ ಮೊದಲನೆಯದು ಮುಖ್ಯ, ಎರಡನೆಯದು ಅಲ್ಲ ಎಂದು ಬರೆದುಬಿಡುತ್ತಾರೆ. ಎರಡರ ನಡುವಿನ ವ್ಯತ್ಯಾಸ ಬರೀ 0.08, ಅದು ನಿಜವೋ ಆಕಸ್ಮಿಕವೋ ಎಂಬುದನ್ನು ಯಾರೂ ಕೇಳಿಯೇ ಇಲ್ಲ.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಐವತ್ತು ಗೂಡುಗಳಲ್ಲಿ ಕವಚದ ತೂಕಕ್ಕೂ ಎಳೆಯ ಉದ್ದಕ್ಕೂ 0.70, ಗೂಡಿನ ತೂಕಕ್ಕೂ ಎಳೆಯ ಉದ್ದಕ್ಕೂ 0.55, ಎರಡು ತೂಕಗಳ ನಡುವೆ 0.80. ಮೊದಲೆರಡನ್ನು ಎರಡು ಬೇರೆ ಬೇರೆ ಗುಂಪುಗಳ ಅಂಕಿಗಳೆಂಬಂತೆ ಫಿಶರ್ ಪರೀಕ್ಷೆಗೆ ಒಡ್ಡಿದರೆ ಬರುವುದು 1.21. ಬೇಕಾದ 1.96 ಮುಟ್ಟದ ಕಾರಣ ವ್ಯತ್ಯಾಸವಿಲ್ಲ ಎಂದು ತೀರ್ಮಾನವಾಗುತ್ತದೆ. ಮೂರೂ ಅಂಕಿಗಳನ್ನು, ಒಂದೇ ಮಾದರಿಯ ಸಹಸಂಬಂಧಗಳನ್ನು ಹೋಲಿಸುವ ವಿಲಿಯಮ್ಸ್ ಸೂತ್ರಕ್ಕೆ ಹಾಕಿದರೆ 2.27 ಬರುತ್ತದೆ. ಅಲ್ಲಿ ದಾಟಬೇಕಾದ ಗೆರೆ 2.01. ತೀರ್ಪೇ ಬದಲಾಯಿತು!

ಕಾರಣ ರೈತರಿಗೆ ಹೊಸದಲ್ಲ. ಎರಡು ಹಿಪ್ಪುನೇರಳೆ ತಳಿಗಳಲ್ಲಿ ಒಂದನ್ನು ಚಿಂತಾಮಣಿಯಲ್ಲೂ ಇನ್ನೊಂದನ್ನು ಗೌರಿಬಿದನೂರಿನಲ್ಲೂ ಬೆಳೆದು ಹೋಲಿಸಿದರೆ ಮಣ್ಣು, ನೀರಿನ ಏರುಪೇರೆಲ್ಲ ಲೆಕ್ಕದೊಳಗೆ ಸೇರುತ್ತದೆ. ಒಂದೇ ತೋಟದ ಅಕ್ಕಪಕ್ಕದ ಸಾಲಲ್ಲಿ ಬೆಳೆದರೆ ಆ ಏರುಪೇರು ಎರಡಕ್ಕೂ ಸಮ, ತಳಿಯ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದೇ ಗೂಡುಗಳಲ್ಲಿ ಅಳೆದ ಎರಡು ಸಹಸಂಬಂಧಗಳೂ ಹೀಗೆಯೇ. ಅವು ಜೊತೆಯಾಗಿ ಏರಿಳಿಯುತ್ತವೆ. ಎಷ್ಟು ಜೊತೆಯಾಗಿ ಎಂಬುದನ್ನು ಹೇಳುವುದು ಮೂರನೆಯ ಅಂಕಿ, ಆ 0.80.

ಇದು ಹಳೆಯ ಜ್ಞಾನ. ಸಹಸಂಬಂಧಗಳ ನಡುವಿನ ಈ ನಂಟನ್ನು ಪಿಯರ್ಸನ್ ಮತ್ತು ಫಿಲಾನ್ 1898ರಲ್ಲೇ ಲೆಕ್ಕ ಹಾಕಿದ್ದರು. 1940ರಲ್ಲಿ ಹೋಟೆಲಿಂಗ್ ಪರೀಕ್ಷೆಯೊಂದನ್ನು ಕೊಟ್ಟರು, 1959ರಲ್ಲಿ ವಿಲಿಯಮ್ಸ್ ಅದನ್ನು ತಿದ್ದಿದರು, 1980ರಲ್ಲಿ ಸ್ಟೈಗರ್, ವಿಲಿಯಮ್ಸ್ ತಿದ್ದಿದ ರೂಪವನ್ನೇ ಬಳಸಿ ಎಂದರು. ಈಗ ‘ಆರ್’ ತಂತ್ರಾಂಶದ ‘ಕೋಕಾರ್’ ಪ್ಯಾಕೇಜಿಗೆ ಮೂರು ಸಹಸಂಬಂಧ, ಮಾದರಿಯ ಗಾತ್ರ ಹೀಗೆ ನಾಲ್ಕು ಅಂಕಿ ಕೊಟ್ಟರೆ ಉತ್ತರ ಸಿಗುತ್ತದೆ. ಇಷ್ಟು ಸುಲಭವಾದದ್ದನ್ನು ಬಿಡುವುದು ಅಕ್ಷಮ್ಯ.

ಹಾಗೆಂದು ಸೂತ್ರವೇ ಎಲ್ಲವೂ ಅಲ್ಲ. ಐವತ್ತು ಗೂಡುಗಳೂ ಒಂದೇ ಮನೆಯ, ಹುಳು ಗೂಡು ಕಟ್ಟುವ ಒಂದೇ ಚಂದ್ರಿಕೆಯಿಂದ ಬಂದಿದ್ದರೆ ಅವು ಐವತ್ತು ಸ್ವತಂತ್ರ ಸಾಕ್ಷಿಗಳಲ್ಲ. ಒಂದೇ ಮೇವು ತಿಂದು, ಒಂದೇ ಹವೆಯಲ್ಲಿ ಬೆಳೆದ ಒಡಹುಟ್ಟುಗಳು. ಇನ್ನೊಂದು ಮಾತು: ಗೂಡಿನ ತೂಕದಲ್ಲಿ ಕವಚದ ತೂಕವೂ ಅಡಗಿದೆ. ಇವೆರಡರ ನಂಟು ಗಟ್ಟಿ ಎಂದು ಸಂಭ್ರಮಿಸುವುದರಲ್ಲಿ ಅರ್ಥವಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಲೆಕ್ಕಕ್ಕೂ ಇದೇ ಮಾತು ಸಲ್ಲುತ್ತದೆ. ಫ್ಲೋರೈಡಿನ ಜೊತೆ ಬೈಕಾರ್ಬೊನೇಟಿನ ನಂಟು ಬಲವೋ ಪಿಎಚ್‌ನದೋ ಎಂದು ಕೇಳುವಾಗ ಎರಡನ್ನೂ ಅಳೆದಿರುವುದು ಅದೇ ಬಾವಿಗಳ ನೀರಿನಲ್ಲಿ. ಮಳೆಗಾಲದ ಹಿಂದುಮುಂದಿನ ಹೋಲಿಕೆಯಾದರೆ ನಾಲ್ಕು ಅಳತೆಗಳು ಸೇರುತ್ತವೆ, ಪರೀಕ್ಷೆಯೂ ಬೇರೆಯಾಗುತ್ತದೆ.

ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯದಲ್ಲಿ ಓದುತ್ತಿರುವವರಲ್ಲಿ ಒಂದು ಕೋರಿಕೆ. ‘ಇದು ಅದಕ್ಕಿಂತ ಬಲವಾದುದು’ ಎಂದು ಬರೆಯುವ ಮುನ್ನ ಮೂರನೆಯ ಸಹಸಂಬಂಧವನ್ನೂ ಗೂಡುಗಳ ಸಂಖ್ಯೆಯನ್ನೂ ಕೋಷ್ಟಕದಲ್ಲಿ ಕೊಡಿ. ನೀವು ಪರೀಕ್ಷಿಸದಿದ್ದರೂ ಓದುವವರು ಪರೀಕ್ಷಿಸಿಕೊಳ್ಳಬಹುದು.