ಹಳಿ ಕೂಡಿಸಿದ ಉಕ್ಕಿನ ಕೈ

ಕುಡುಮಲಕುಂಟೆ ಕಡೆಯವರಿಗೆ ರೈಲು ಹೊಸದಲ್ಲ; ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಗಾಡಿಗಳು ಓಡುತ್ತಲೇ ಇರುತ್ತವೆ. ಅಲ್ಲಿನ ಮಕ್ಕಳಿಗೆ ಬ್ರಾಡ್ ಬರ್ಡ್ ನಿರ್ದೇಶಿಸಿದ 1999ರ ‘ದಿ ಐರನ್ ಜೈಂಟ್’ ಅನಿಮೇಷನ್ ಚಿತ್ರ ತೋರಿಸಬೇಕೆಂದು ನನಗೆ ತುಂಬ ಆಸೆ.

ಅದರಲ್ಲಿ ಒಂದು ದೈತ್ಯ ರೋಬೋ ಹಸಿದು ರೈಲು ಹಳಿಯನ್ನೇ ಕಚ್ಚುತ್ತದೆ. ಗಾಡಿ ಬರುತ್ತಿದೆ, ಸರಿಮಾಡು ಎಂದು ಹುಡುಗ ಹೋಗಾರ್ತ್ ಗಾಬರಿಯಿಂದ ಕೂಗುತ್ತಾನೆ. ಅದೋ, ಕಂಬಿಯ ತುದಿಗಳನ್ನು ಕೂಡಿಸಿ, ಇನ್ನೂ ನೆಟ್ಟಗಾಗಲಿ ಎಂದು ಮತ್ತೆ ಮತ್ತೆ ಒತ್ತುತ್ತದೆ. ರೈಲು ಬಂದು ಬಡಿಯುತ್ತದೆ! ಅಷ್ಟು ದೊಡ್ಡ ಕೈಯಲ್ಲಿ ಅಷ್ಟು ನಾಜೂಕು. ಮಾತಿಲ್ಲದೆಯೇ ಅದರ ಸ್ವಭಾವ ತಿಳಿದುಬಿಡುತ್ತದೆ.

ಉಳಿದ ಪಾತ್ರಗಳನ್ನು ಕೈಯಲ್ಲಿ ಬರೆದರು, ದೈತ್ಯನನ್ನು ಮಾತ್ರ ಕಂಪ್ಯೂಟರಿನಲ್ಲಿ. ಎರಡೂ ಬೆರೆಯಲೆಂದು ಅವನ ಗೆರೆಗಳಿಗೆ ಬೇಕೆಂದೇ ಸಣ್ಣ ನಡುಕ ಕೊಟ್ಟರು.