ಕರಡು ಸಂವಿಧಾನವೂ ವಾದ್ಯವೃಂದವೂ: ಲಂಡನ್ನಿನ ಸ್ಕ್ರ್ಯಾಚ್ ಆರ್ಕೆಸ್ಟ್ರಾವನ್ನು ಕುರಿತು

ಸಂಗೀತಗಾರರ ಕೂಟವೊಂದು ತನ್ನ ಮೊದಲ ಕಚೇರಿಗೆ ಮುನ್ನವೇ ಸಂವಿಧಾನವೊಂದನ್ನು ಅಚ್ಚುಹಾಕಿಸಿದುದು ಸಂಗೀತದ ಇತಿಹಾಸದಲ್ಲಿ ಅಪರೂಪದ ಸಂಗತಿಯೇ ಸರಿ. 1969ನೆಯ ಇಸವಿಯ ಜೂನ್ ತಿಂಗಳಿನ ‘ದಿ ಮ್ಯೂಸಿಕಲ್ ಟೈಮ್ಸ್’ ಪತ್ರಿಕೆಯಲ್ಲಿ ಇಂಗ್ಲೆಂಡಿನ ರಚನಕಾರರಾದ ಕಾರ್ನೀಲಿಯಸ್ ಕಾರ್ಡ್ಯೂ ಅವರು ಸ್ಕ್ರ್ಯಾಚ್ ಆರ್ಕೆಸ್ಟ್ರಾದ ಕರಡು ಸಂವಿಧಾನವನ್ನು ಪ್ರಕಟಿಸಿದರು. ಜುಲೈ 1ರಂದು ಲಂಡನ್ನಿನ ಸೇಂಟ್ ಕ್ಯಾಥರೀನ್ಸ್ ಹಡಗುಕಟ್ಟೆಯಲ್ಲಿ ಅದರ ಮೊದಲ ಸಭೆ ಸೇರಿತು. ನವೆಂಬರ್ 1ರಂದು ಹ್ಯಾಂಪ್‌ಸ್ಟೆಡ್ ಪುರಭವನದಲ್ಲಿ ಮೊದಲ ಕಚೇರಿ ನಡೆಯಿತು. 1971ರ ಆಗಸ್ಟ್ ತಿಂಗಳ ಹೊತ್ತಿಗೆ ಕೂಟದಲ್ಲಿ ಒಡಕು ಕಾಣಿಸಿಕೊಂಡಿದ್ದಿತು. ಅನಂತರ ಅದು ಮೊದಲಿನ ಕೂಟವಾಗಿ ಉಳಿಯಲಿಲ್ಲ. ಇಷ್ಟು ಅಲ್ಪಾಯುಷಿಯಾದ ಸಂಸ್ಥೆಯೊಂದನ್ನು ಕುರಿತು ಇತಿಹಾಸದ ಅಧ್ಯಾಪಕರು ಬರೆಯಬೇಕೇಕೆ ಎಂದು ಓದುಗರು ಕೇಳಬಹುದು. ಇಲ್ಲಿ ಸಂವಿಧಾನವೆಂಬ ದಾಖಲೆಯೊಂದು ನಮ್ಮ ಕೈಯಲ್ಲಿದೆ. ಅದರಂತೆ ನಡೆಯಲು ಯತ್ನಿಸಿದವರ ಚರಿತ್ರೆಯೂ ಇದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದು ನಮ್ಮ ಕೆಲಸವೇ ಆಗಿರುವುದು.

ಇಂಗ್ಲಿಷಿನಲ್ಲಿ ‘ಸ್ಕ್ರ್ಯಾಚ್’ ಎಂಬ ಮಾತನ್ನು, ಸಿಕ್ಕವರನ್ನು ಸೇರಿಸಿಕೊಂಡು ಆ ಹೊತ್ತಿಗೆ ಕಟ್ಟಿದ ತಂಡದ ವಿಷಯದಲ್ಲಿ ಬಳಸುವುದುಂಟು. ಹೆಸರಿಗೆ ತಕ್ಕಂತೆ ಈ ಕೂಟದಲ್ಲಿ ನುರಿತ ವಾದಕರೊಡನೆ ಚಿತ್ರಕಲೆಯ ವಿದ್ಯಾರ್ಥಿಗಳೂ ಯಾವ ವಾದ್ಯವನ್ನೂ ಕ್ರಮವಾಗಿ ಕಲಿಯದವರೂ ಸೇರಿದ್ದರು. ಕಚೇರಿಗಳಲ್ಲಿ ವಾದನದೊಡನೆ ಆಂಗಿಕವೂ ಆಟಗಳೂ ಬೆರೆಯುತ್ತಿದ್ದುವು. ಕಾರ್ಡ್ಯೂ ಅವರಾದರೋ ಅನಕ್ಷರಸ್ಥ ಸಂಗೀತಗಾರರಲ್ಲ. 1936ರಲ್ಲಿ ಹುಟ್ಟಿದ ಅವರು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ವ್ಯಾಸಂಗ ಮಾಡಿ, ಜರ್ಮನಿಯಲ್ಲಿ ಸ್ಟಾಕ್‌ಹೌಸೆನ್ ಅವರಿಗೆ ಸಹಾಯಕರಾಗಿದ್ದು, ಯೂರೋಪಿನ ಅತ್ಯಂತ ಕ್ಲಿಷ್ಟವಾದ ನವ್ಯಸಂಗೀತವನ್ನು ಒಳಗಿನಿಂದ ಬಲ್ಲವರು. 1963ರಿಂದ 1967ರವರೆಗೆ ಅವರು ರಚಿಸಿದ ‘ಟ್ರೀಟೈಸ್’ ಎಂಬ ಕೃತಿಯಲ್ಲಿ 193 ಪುಟಗಳಿವೆ. ಅವುಗಳಲ್ಲಿರುವುದು ರೇಖೆಗಳೂ ಆಕೃತಿಗಳೂ, ಅವುಗಳನ್ನು ಹೇಗೆ ನುಡಿಸಬೇಕೆಂಬ ಸೂಚನೆ ಮಾತ್ರ ಎಲ್ಲಿಯೂ ಇಲ್ಲ. 1966ರಿಂದ ಅವರು ಎಎಂಎಂ ಎಂಬ ಮನೋಧರ್ಮವಾದಕರ ತಂಡದಲ್ಲಿ ನುಡಿಸಿದರು. 1968ರಿಂದ ಮಾರ್ಲಿ ಕಾಲೇಜಿನಲ್ಲಿ ವಯಸ್ಕರಿಗಾಗಿ ಅವರು ನಡೆಸಿದ ಪ್ರಾಯೋಗಿಕ ಸಂಗೀತದ ತರಗತಿಯಿಂದಲೇ ಮೈಕೇಲ್ ಪಾರ್ಸನ್ಸ್ ಮತ್ತು ಹೊವರ್ಡ್ ಸ್ಕೆಂಪ್ಟನ್ ಅವರೊಡನೆ ಕೂಡಿ ಈ ವಾದ್ಯವೃಂದವನ್ನು ಸ್ಥಾಪಿಸುವ ಯೋಚನೆ ಬೆಳೆಯಿತು.

ಈಗ ಸಂವಿಧಾನವನ್ನೇ ನೋಡೋಣ. ಅದು ಕೂಟದ ಚಟುವಟಿಕೆಗಳನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು ‘ಸ್ಕ್ರ್ಯಾಚ್ ಸಂಗೀತ’. ಪ್ರತಿಯೊಬ್ಬ ಸದಸ್ಯನೂ ಒಂದು ಪುಸ್ತಕವನ್ನಿಟ್ಟುಕೊಂಡು, ಎಷ್ಟು ಹೊತ್ತು ಬೇಕಾದರೂ ನುಡಿಸಬಹುದಾದ ‘ಪಕ್ಕವಾದ್ಯ’ಗಳನ್ನು ಅದರಲ್ಲಿ ಬರೆದಿಡಬೇಕು, ಸ್ವರಲಿಪಿಯಲ್ಲಿ ಬರೆಯಬಹುದು, ಮಾತಿನಲ್ಲಿ ಬರೆಯಬಹುದು, ಚಿತ್ರವನ್ನು ಬರೆಯಬಹುದು ಅಥವಾ ಅಂಟಿಸಬಹುದು. ಮತ್ತೊಬ್ಬರು ತನಿಯಾಗಿ ನುಡಿಸಿದಾಗ ಆ ತನಿಯು ತನಿಯಾಗಿಯೇ ಕೇಳಿಸುವಂತೆ ಬಿಟ್ಟುಕೊಡುವ ಸಂಗೀತವೇ ಪಕ್ಕವಾದ್ಯವೆಂದು ಸಂವಿಧಾನವು ನಿರೂಪಿಸುತ್ತದೆ. ನಮ್ಮ ಕಚೇರಿಗಳಲ್ಲಿ ಒಳ್ಳೆಯ ಪಿಟೀಲುವಾದಕರನ್ನು ಕೇಳಿದವರಿಗೆ ಈ ಮಾತು ಹೊಸದೆನಿಸಲಾರದು. ಆದರೆ ಇಲ್ಲಿ ಎಲ್ಲರೂ ಪಕ್ಕವಾದ್ಯದವರೇ; ತನಿಯನ್ನು ನುಡಿಸುವವರು ಒಮ್ಮೊಮ್ಮೆ ಬರುವರು, ಬಾರದೆಯೂ ಇರುವರು.

ಎರಡನೆಯದಾದ ‘ಜನಪ್ರಿಯ ಶ್ರೇಷ್ಠಕೃತಿ’ಗಳ ವಿಭಾಗವು ನಮಗೆ ವಿಶೇಷವಾಗಿ ಸ್ವಾರಸ್ಯಕರವಾಗಿ ಕಂಡಿದೆ. ಸದಸ್ಯರಲ್ಲಿ ಹಲವರಿಗೆ ಪರಿಚಿತವಾದ ಹಳೆಯ ಕೃತಿಯೊಂದರ ತುಣುಕನ್ನು ಒಬ್ಬರು ನುಡಿಸಬೇಕು. ಆ ತುಣುಕು ಸ್ವರಲಿಪಿಯ ಒಂದು ಪುಟವಾಗಿರಬಹುದು, ಗ್ರಾಮಫೋನ್ ತಟ್ಟೆಯೂ ಆಗಿರಬಹುದು. ಉಳಿದವರು ತಮಗೆ ಆ ಕೃತಿಯಲ್ಲಿ ನೆನಪಿರುವಷ್ಟನ್ನು ತಮಗೆ ಬಂದಂತೆ ಕೂಡಿಸಿಕೊಂಡು ನುಡಿಸಬೇಕು. ಇದನ್ನು ಅಣಕವೆಂದು ಭಾವಿಸಿದವರುಂಟು. ನಮಗೆ ಹಾಗೆ ತೋರುವುದಿಲ್ಲ. ಗ್ರಂಥದಲ್ಲಿರುವ ಕೃತಿ ಒಂದು, ಜನರ ನೆನಪಿನಲ್ಲಿರುವ ಕೃತಿ ಇನ್ನೊಂದು. ಎರಡನೆಯದು ಹರುಕುಮುರುಕಾದರೂ ಸಮಾಜದಲ್ಲಿ ಬಾಳುವುದು ಅದೇ. ಐತಿಹ್ಯಗಳನ್ನು ಸಂಗ್ರಹಿಸಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿದೆ.

ಮೂರನೆಯದು ‘ಮನೋಧರ್ಮದ ವಿಧಿ’ಗಳು. ವಿಧಿಯು ರಚನೆಯಲ್ಲ, ಯಾವ ಸಂಗೀತ ಬರಬೇಕೆಂದು ಅದು ಹೇಳುವುದಿಲ್ಲ, ಕೂಡಿ ತೊಡಗುವುದಕ್ಕೆ ಒಂದು ನೆಲೆಯನ್ನಷ್ಟೇ ಒದಗಿಸುತ್ತದೆ. ಇಂತಹ 152 ವಿಧಿಗಳನ್ನು ಕಾರ್ಡ್ಯೂ ಅವರು 1969ರಲ್ಲಿಯೇ ‘ನೇಚರ್ ಸ್ಟಡಿ ನೋಟ್ಸ್’ ಎಂಬ ಪುಸ್ತಕವಾಗಿ ಸಂಪಾದಿಸಿದರು. ಹಕ್ಕುಗಳನ್ನು ಕಾಯ್ದಿರಿಸಿಲ್ಲವೆಂದು ಅದರಲ್ಲಿಯೇ ಸಾರಲಾಗಿದೆ. ನಾಲ್ಕನೆಯದು ರಚನೆಗಳು, ಐದನೆಯದು ಸಂಶೋಧನಾ ಕಾರ್ಯ; ಇವುಗಳ ವಿವರ ಇಲ್ಲಿ ಅನಗತ್ಯ. ಇವೆಲ್ಲಕ್ಕಿಂತ ಮುಖ್ಯವಾದ ನಿಯಮವು ಬೇರೊಂದಿದೆ. ಕಚೇರಿಗಳನ್ನು ಯೋಜಿಸುವ ಹೊಣೆಯು ಸರದಿಯಂತೆ ಸದಸ್ಯರೆಲ್ಲರಿಗೂ ಬರಬೇಕು, ಮತ್ತು ಆ ಸರದಿಯು ಅತ್ಯಂತ ಕಿರಿಯರಿಂದ ಮೊದಲಾಗಬೇಕು. ಹಿರಿತನವೇ ಎಲ್ಲವನ್ನೂ ನಿರ್ಣಯಿಸುವ ಸಂಗೀತಲೋಕದಲ್ಲಿ ಇಂತಹ ಮಾತನ್ನು ಬರೆದಿಡುವುದಕ್ಕೆ ಧೈರ್ಯ ಬೇಕಾಗಿದ್ದಿತು.

ಆದರೆ ಧರ್ಮಶಾಸ್ತ್ರಗಳನ್ನೋದಿ ಅಂದಿನ ಜನಜೀವನವು ಹಾಗೆಯೇ ಇದ್ದಿತೆಂದು ಬರೆಯುವುದು ಹೇಗೆ ಸಮಂಜಸವಲ್ಲವೋ, ಹಾಗೆಯೇ ಈ ಸಂವಿಧಾನವನ್ನೋದಿ ಕೂಟವನ್ನು ಕಂಡೆವೆಂದುಕೊಳ್ಳುವುದೂ ಸಮಂಜಸವಲ್ಲ. ಎಲ್ಲರೂ ಸಮಾನರೆಂದು ಸಾರಿದ ದಾಖಲೆಯನ್ನು ಬರೆದವರು ಒಬ್ಬರು. ಅದು ಪ್ರಕಟವಾದುದು ಬಹುಕಾಲದಿಂದ ಮನ್ನಣೆ ಪಡೆದ ಪತ್ರಿಕೆಯೊಂದರಲ್ಲಿ, ಆ ಒಬ್ಬರಿಗಾಗಲೇ ಇದ್ದ ಕೀರ್ತಿಯ ಬಲದಿಂದ. ಅಂದರೆ ಇಲ್ಲಿ ಸಮಾನತೆಯು ಮೇಲಿನಿಂದ ದತ್ತವಾದುದು. ದತ್ತಿಯ ಶಾಸನಗಳನ್ನು ಓದುವಾಗ ದಾನಿ ಯಾರೆಂಬುದನ್ನು ನಾವು ಮರೆಯುವುದಿಲ್ಲ, ಇಲ್ಲಿಯೂ ಮರೆಯಬಾರದು.

ಮೊದಲ ಎರಡು ವರ್ಷಗಳಲ್ಲಿ ಕೂಟವು ಬಹಳ ಕೆಲಸ ಮಾಡಿತು. 1970ರ ಬೇಸಗೆಯಲ್ಲಿ ಕಾರ್ನ್‌ವಾಲ್ ಮತ್ತು ಆಂಗಲ್ಸೀ ಪ್ರದೇಶಗಳ ಹಳ್ಳಿಗಳಲ್ಲಿ ಸಂಚರಿಸಿ ನುಡಿಸಿತು. 1971ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ನಡೆದ ಪ್ರವಾಸದಲ್ಲಿ, ನ್ಯೂಕ್ಯಾಸಲ್ ನಗರದ ಕಚೇರಿಯೊಂದರ ಭಾಗವು ಅಸಭ್ಯವೆಂದು ಪತ್ರಿಕೆಗಳು ಗದ್ದಲವೆಬ್ಬಿಸಿದುವು. ಅದೇ ಆಗಸ್ಟ್ ತಿಂಗಳಿನಲ್ಲಿ ಸದಸ್ಯರು ತಮ್ಮ ಅಸಮಾಧಾನಗಳನ್ನು ಬರೆದುಕೊಡಬೇಕೆಂದು ಕೇಳಿ, ಬಂದ ಬರಹಗಳನ್ನು ಒಂದು ಕಡತದಲ್ಲಿಟ್ಟು, ಸಭೆಗಳಲ್ಲಿ ಓದಿ ಚರ್ಚಿಸಲಾಯಿತು. ಪಿಯಾನೊವಾದಕರಾದ ಜಾನ್ ಟಿಲ್ಬರಿ ಅವರು ಆ ಅಸಮಾಧಾನಗಳನ್ನು ಮಾರ್ಕ್ಸ್‌ವಾದದ ದೃಷ್ಟಿಯಿಂದ ವಿಶ್ಲೇಷಿಸಿದರು. ಅವರೂ ಕೀತ್ ರೋ ಅವರೂ ಇದ್ದ ಒಂದು ಸೈದ್ಧಾಂತಿಕ ಗುಂಪು ಏರ್ಪಟ್ಟಿತು. ಕಾರ್ಡ್ಯೂ ಅವರೂ ಆ ಪಕ್ಷಕ್ಕೆ ಒಲಿದರು. 1974ರಲ್ಲಿ ಅವರು ಪ್ರಕಟಿಸಿದ ‘ಸ್ಟಾಕ್‌ಹೌಸೆನ್ ಸರ್ವ್ಸ್ ಇಂಪೀರಿಯಲಿಸಂ’ ಎಂಬ ಗ್ರಂಥದಲ್ಲಿ ಗುರುವನ್ನೂ ಜಾನ್ ಕೇಜ್ ಅವರನ್ನೂ ತಮ್ಮ ಹಿಂದಿನ ಕೃತಿಗಳನ್ನೂ ಒಟ್ಟಿಗೆ ಖಂಡಿಸಿದರು.

ಈ ಒಡಕಿನ ಬಗ್ಗೆ ಎರಡು ತೀರ್ಪುಗಳು ಪ್ರಚಾರದಲ್ಲಿವೆ. ನಿರ್ಮಲವಾದ ಸ್ವಾತಂತ್ರ್ಯವನ್ನು ರಾಜಕೀಯವು ಬಂದು ಕೆಡಿಸಿತೆಂಬುದು ಒಂದು. ಆ ಸ್ವಾತಂತ್ರ್ಯವೇ ಮಧ್ಯಮವರ್ಗದ ವಿಲಾಸವಾಗಿದ್ದು, ರಾಜಕೀಯವು ಅದರ ಬಣ್ಣವನ್ನು ಬಯಲು ಮಾಡಿತೆಂಬುದು ಇನ್ನೊಂದು. ಎರಡನೆಯ ತೀರ್ಪಿಗೆ ಆಧಾರವು 1974ರ ಆ ಗ್ರಂಥದಲ್ಲಿಯೇ ಸೇರಿರುವ, ರಾಡ್ ಈಲಿ ಅವರು ಬರೆದ ಕೂಟದ ಚರಿತ್ರೆ. ಅದು ಒಳಗಿನವರು ಬರೆದುದು, ಬಹು ಉಪಯುಕ್ತವಾದುದು. ಆದರೆ ವಾದದಲ್ಲಿ ಗೆದ್ದ ಪಕ್ಷದ ಬರಹವೆಂಬುದನ್ನು ನೆನಪಿನಲ್ಲಿಟ್ಟು ಓದಬೇಕಾದುದು. ಅದೇ ವರ್ಷ ಪ್ರಕಟವಾದ ಮೈಕೇಲ್ ನೈಮನ್ ಅವರ ‘ಎಕ್ಸ್‌ಪೆರಿಮೆಂಟಲ್ ಮ್ಯೂಸಿಕ್’ ಎಂಬ ಗ್ರಂಥವು ಕೂಟವನ್ನು ಪ್ರಾಯೋಗಿಕ ಸಂಗೀತದ ಪರಂಪರೆಯಲ್ಲಿಟ್ಟು ಸಹಾನುಭೂತಿಯಿಂದ ವಿವರಿಸುತ್ತದೆ. ಟಿಲ್ಬರಿ ಅವರು 2008ರಲ್ಲಿ ಹೊರತಂದ ಕಾರ್ಡ್ಯೂ ಅವರ ಬೃಹತ್ ಜೀವನಚರಿತ್ರೆಯು ಹೆಚ್ಚು ತಾಳ್ಮೆಯುಳ್ಳದ್ದು. ಆದರೂ ಅದರ ಲೇಖಕರು ಒಡಕಿನಲ್ಲಿ ಪಾತ್ರಧಾರಿಗಳಾಗಿದ್ದವರೇ ಆಗಿರುವರು.

ಎರಡು ತೀರ್ಪುಗಳೂ ಕಾರಣವನ್ನು ಹೊರಗಿನಿಂದ ತರುತ್ತವೆಂಬುದು ನಮ್ಮ ಆಕ್ಷೇಪ. ಕಾರಣವು ಸಂವಿಧಾನದಲ್ಲಿಯೇ ಇದೆ, ಅದರಲ್ಲಿ ಇರುವ ಮಾತುಗಳಲ್ಲಲ್ಲ, ಇಲ್ಲದ ಮಾತಿನಲ್ಲಿ. ಸೂಚಿಸುವ ಹಕ್ಕನ್ನು ಅದು ಎಲ್ಲರಿಗೂ ಉದಾರವಾಗಿ ಹಂಚಿತು. ಸೂಚಿಸಿದುದನ್ನು ನುಡಿಸಿ ನೋಡಿದ ಮೇಲೆ ‘ಇದು ನಿಲ್ಲುವುದಿಲ್ಲ, ಇದನ್ನು ತಿದ್ದೋಣ’ ಎಂದು ಹೇಳುವುದಕ್ಕೆ ಯಾವ ಸ್ಥಳವನ್ನೂ ಕೊಡಲಿಲ್ಲ. ಪಕ್ಕವಾದ್ಯದ ನಿರೂಪಣೆಯು ಇನ್ನೊಬ್ಬರಿಗೆ ಬಿಟ್ಟುಕೊಡುವುದನ್ನು ಕಲಿಸುತ್ತದೆ, ಎದುರು ನುಡಿಯುವುದನ್ನು ಕಲಿಸುವುದಿಲ್ಲ. ವಿಧಿಗಳು ತೊಡಗುವ ಬಗೆಯನ್ನು ಹೇಳುತ್ತವೆ, ಮುಗಿದ ಮೇಲೆ ತೂಗಿ ನೋಡುವ ಬಗೆಯನ್ನು ಹೇಳುವುದಿಲ್ಲ. ಇಂದು ನೀವು ಯೋಜಿಸಿದ ಕಚೇರಿಯಲ್ಲಿ ನಾವು ಸುಮ್ಮನೆ ಪಾಲ್ಗೊಂಡರೆ ನಾಳೆ ನಮ್ಮ ಕಚೇರಿಯಲ್ಲಿ ನೀವು ಸುಮ್ಮನೆ ಪಾಲ್ಗೊಳ್ಳುವಿರಿ. ಸರದಿಯ ಪದ್ಧತಿಯು ನ್ಯಾಯವಾದುದೇ ಆದರೂ ಅದರ ಹಿಂದೆ ಇಂತಹ ಮೌನದ ಒಪ್ಪಂದವೊಂದು ಬೆಳೆಯಬಲ್ಲದು. ನಮ್ಮ ಸಂಘಸಂಸ್ಥೆಗಳ ಕಾರ್ಯಕಾರಿ ಸಮಿತಿಗಳಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೀಗೆ ಎರಡು ವರ್ಷ ಕೂಡಿಬಂದ ಸಣ್ಣಪುಟ್ಟ ಅತೃಪ್ತಿಗಳಿಗೆ 1971ರ ಆಗಸ್ಟಿನಲ್ಲಿ ಒಮ್ಮೆಲೇ ಬಾಯಿ ಬಂದಿತು. ಒಂದು ಕೃತಿ ಚೆನ್ನಾಗಿರಲಿಲ್ಲವೆಂದು ಮರುದಿನವೇ ಹೇಳಿದ್ದರೆ ಅದು ಆ ಕೃತಿಯ ವಿಮರ್ಶೆಯಾಗುತ್ತಿದ್ದಿತು; ಎರಡು ವರ್ಷ ತಡೆದು ಹೇಳಿದಾಗ ಅದು ಇಡೀ ಕೂಟದ ವಿಚಾರಣೆಯಾಯಿತು. ಆಗ ವಿಮರ್ಶೆಗೊಂದು ಸಿದ್ಧವಾದ ಭಾಷೆಯನ್ನು ಒದಗಿಸಿದುದು ಮಾರ್ಕ್ಸ್‌ವಾದವೊಂದೇ. ಸದಸ್ಯರು ಅದರ ಕಡೆಗೆ ಹೋದುದರಲ್ಲಿ ನಮಗೆ ಆಶ್ಚರ್ಯವಿಲ್ಲ. ಅದು ಬಂದು ಕೂಟವನ್ನು ಒಡೆಯಿತೆನ್ನುವುದಕ್ಕಿಂತ, ಖಾಲಿಯಾಗಿದ್ದ ಪೀಠದಲ್ಲಿ ಅದು ಕುಳಿತಿತೆನ್ನುವುದು ಸರಿಯಾದೀತು.

ಈ ವಾದಕ್ಕೆ ಪುಷ್ಟಿಯು ಕಾರ್ಡ್ಯೂ ಅವರ ಒಂದು ಕೃತಿಯಲ್ಲಿಯೇ ದೊರೆಯುತ್ತದೆ. ಕನ್‌ಫ್ಯೂಷಿಯಸ್ ಪರಂಪರೆಯ ಪ್ರಾಚೀನ ಚೀಣೀ ಗ್ರಂಥವೊಂದನ್ನು ಆಧರಿಸಿ ಅವರು 1968ರಿಂದ ಕೆಲವು ವರ್ಷಗಳಲ್ಲಿ ‘ದಿ ಗ್ರೇಟ್ ಲರ್ನಿಂಗ್’ ಎಂಬ ಏಳು ಖಂಡಗಳ ಕೃತಿಯನ್ನು ರಚಿಸಿದರು. ಅದರ ಏಳನೆಯ ಖಂಡಕ್ಕೆ ವಾದ್ಯಗಳಿಲ್ಲ, ತರಬೇತಿಯುಳ್ಳ ಗಾಯಕರೂ ಬೇಕಾಗಿಲ್ಲ. ಪಠ್ಯದ ಒಂದೊಂದು ಸಾಲನ್ನೂ ಗೊತ್ತಾದಷ್ಟು ಸಲ ಹಾಡಬೇಕು. ಪ್ರತಿಸಲವೂ ಒಂದು ಉಸಿರು ಇರುವವರೆಗೆ. ಮೊದಲ ಸಾಲಿಗೆ ತಮಗೆ ತೋಚಿದ ಸ್ವರ. ಮುಂದಿನ ಸಾಲಿಗೆ ಬೇರೆಯವರು ಹಾಡುತ್ತಿರುವುದರಲ್ಲಿ ಕಿವಿಗೆ ಬಿದ್ದ ಒಂದು ಸ್ವರವನ್ನೇ ಆರಿಸಿಕೊಳ್ಳಬೇಕು. ಒಂದೇ ಸ್ವರವನ್ನು ಒಂದಾದಮೇಲೊಂದು ಸಾಲಿನಲ್ಲಿ ಹಾಡಕೂಡದು. ಹೊಸ ಸ್ವರವೊಂದೂ ಕೇಳಿಸದಿದ್ದರೆ ಮಾತ್ರ ಮತ್ತೆ ಸ್ವತಂತ್ರ. ನಿಯಮಗಳು ಇಷ್ಟೇ. ಮೊದಲು ಕಲಸಿದ ಮೋಡದಂತೆ ಕೇಳಿಸುವ ಧ್ವನಿಸಮೂಹವು ನಿಧಾನವಾಗಿ ತಿಳಿಯಾಗುತ್ತ, ಕೆಲವೇ ಸ್ವರಗಳಲ್ಲಿ ನೆಲೆಗೊಳ್ಳುತ್ತದೆ. ಯಾರೂ ಯಾರನ್ನೂ ನಡೆಸುವುದಿಲ್ಲ. ಆದರೆ ಪಕ್ಕದವರನ್ನು ಕೇಳಿಸಿಕೊಳ್ಳದೆ ಯಾರೂ ಮುಂದಿನ ಸಾಲಿಗೆ ಹೋಗುವಂತಿಲ್ಲ.

ಕರಡು ಸಂವಿಧಾನದಲ್ಲಿ ಇಲ್ಲದಿದ್ದುದು ಇದೇ. ಏಳನೆಯ ಖಂಡದಲ್ಲಿ ಆಯ್ಕೆಯಿದೆ, ಬಿಡುವುದಿದೆ. ಒಂದು ಸ್ವರವನ್ನು ಹತ್ತು ಜನರು ಎತ್ತಿಕೊಳ್ಳುವರು, ಇನ್ನೊಂದನ್ನು ಯಾರೂ ಎತ್ತಿಕೊಳ್ಳದೆ ಅದು ಅಳಿದುಹೋಗುವುದು. ಅಂದರೆ ಕೂಟವು ಹಾಡುತ್ತಲೇ ತನ್ನನ್ನು ತಾನು ವಿಮರ್ಶಿಸಿಕೊಳ್ಳುತ್ತದೆ. ಇದು ಸಂವಿಧಾನಕ್ಕಿಂತ ಕೆಲವು ವಾರಗಳ ಮುನ್ನ, 1969ರ ಏಪ್ರಿಲ್ ತಿಂಗಳಿನಲ್ಲಿ ರಚಿತವಾದುದೆಂಬುದು ಗಮನಾರ್ಹ. ಕೃತಿಯೊಳಗೆ ಸಾಧಿಸಿದುದನ್ನು ರಚನಕಾರರು ಸಂಸ್ಥೆಯ ನಿಯಮದೊಳಗೆ ತರಲಿಲ್ಲ. ಇಲ್ಲಿ ನಮ್ಮ ವಾದಕ್ಕೆ ಒಂದು ತೊಡಕೂ ಇದೆಯೆಂದು ಒಪ್ಪಬೇಕು: ಪರಸ್ಪರ ಆಲಿಸುವುದನ್ನು ಅತ್ಯುತ್ತಮವಾಗಿ ನಿಯಮಿಸಿದ ಈ ಕೃತಿಯು ಒಬ್ಬನೇ ಕರ್ತೃವಿನದು. ಕೂಟದ ಹಲವರು ಸೇರಿ ಬರೆದ ವಿಧಿಗಳಲ್ಲಿ ಇದಕ್ಕೆ ಸರಿದೂಗುವಂತಹುದು ನಮಗೆ ಕಂಡಿಲ್ಲ.

ಇದೇ ಕೃತಿಯ ಮೊದಲ ಖಂಡವನ್ನು 1972ರ ಆಗಸ್ಟಿನಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಪ್ರಯೋಗಿಸುವಾಗ ಕಾರ್ಡ್ಯೂ ಅವರು ಪಠ್ಯವನ್ನು ತಮ್ಮ ಹೊಸ ರಾಜಕೀಯಕ್ಕೆ ಅನುಗುಣವಾಗಿ ಮಾರ್ಪಡಿಸಿದರು. ಬಳಿಕ ಕೃತಿಯನ್ನೇ ನಿರಾಕರಿಸಿದರು. ಅವರ ಕೊನೆಯ ವರ್ಷಗಳು ಹೋರಾಟದ ಹಾಡುಗಳಿಗೂ ಪಕ್ಷದ ಕೆಲಸಕ್ಕೂ ಮೀಸಲಾದುವು. 1981ರ ಡಿಸೆಂಬರ್ 13ರಂದು ಪೂರ್ವ ಲಂಡನ್ನಿನಲ್ಲಿ, ಗುದ್ದಿದ ಕಾರು ನಿಲ್ಲದೆ ಹೋದ ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 45 ವರ್ಷ. ಅವರು ನಿರಾಕರಿಸಿದ ಏಳನೆಯ ಖಂಡವನ್ನು ಈಗಲೂ ನಾನಾ ದೇಶಗಳಲ್ಲಿ, ಬಹುಮಟ್ಟಿಗೆ ಸಂಗೀತ ಕಲಿಯದ ಜನರು ಸೇರಿ ಹಾಡುತ್ತಿರುವರು.