ಮುಗಿಯದ ಎಣ್ಣೆಯ ಚರ್ಚೆ

ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ನಿರ್ಮಾಣಗೊಂಡ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ಒಡೆಯರೊಳಗೆ, ಗಾಳಿಗೆ ಪೆಟ್ರೋಲನ್ನು ಬೆರೆಸುವ ಅದರ ಎಸ್‌ಯು ಕಾರ್ಬ್ಯುರೇಟರಿನ ಮುಚ್ಚಳ ತಿರುಗಿಸಿ ಯಾವ ಎಣ್ಣೆಯನ್ನು ಎರೆಯಬೇಕೆಂಬ ವಾದವು ಇಂದಿಗೂ ಮುಗಿದಿಲ್ಲವೆಂದರೆ, ಅದನ್ನು ನಾನು ವ್ಯರ್ಥ ಕಲಹವೆಂದೆಣಿಸೆನು. ಆಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ ಒಳಗಿನ ಪಿಸ್ಟನ್ನು ಒಮ್ಮೆಗೇ ಮೇಲೇರದಂತೆ ತಡೆದು, ಕ್ಷಣಕಾಲ ಮಿಶ್ರಣದಲ್ಲಿ ಪೆಟ್ರೋಲಿನ ಅಂಶವನ್ನು ಹೆಚ್ಚಿಸುವುದು ಆ ಎಣ್ಣೆಯೇ. ಅದು ತೀರ ತೆಳುವಾದರೆ ಎಂಜಿನ್ನು ತಡವರಿಸುವುದು, ತೀರ ಮಂದವಾದರೆ ಪಿಸ್ಟನ್ನಿನ ಏರಿಕೆ ಜಡವಾಗುವುದು. 20ರ ದರ್ಜೆಯ ಎಂಜಿನ್ ಎಣ್ಣೆಯೇ ಯುಕ್ತವೆಂಬ ಪಕ್ಷಕ್ಕೂ, ಇನ್ನೂ ತೆಳುವಾದುದೇ ಮೇಲೆಂಬ ಪಕ್ಷಕ್ಕೂ ಸ್ವಾನುಭವವೇ ಪ್ರಮಾಣ. ಯಂತ್ರದ ಅಂತರಂಗವನ್ನು ಒಡೆಯನ ಕೈಗೂ ಕಿವಿಗೂ ಇಷ್ಟು ನಿಸ್ಸಂಕೋಚವಾಗಿ ತೆರೆದಿಟ್ಟ ಆ ಶಿಲ್ಪಿಗಳು ಧನ್ಯರು. ಬಳಸುವವನನ್ನು ಜಿಜ್ಞಾಸುವನ್ನಾಗಿಸುವ ವಸ್ತುವೇ ದೀರ್ಘಕಾಲದ ಪ್ರೀತಿಗೆ ಪಾತ್ರವಾಗುತ್ತದೆ.